ಇನ್ನೂರ ಮೂರು ಕುಮಟಾ–ಭಟ್ಕಳ

ಕುಮಟಾದಿಂದ ಭಟ್ಕಳಕ್ಕೆ ಐವತ್ತೆಂಟು ಕಿಲೋಮೀಟರು. ಸರಕಾರಿ ಬಸ್ಸಿನ ಕಂಡಕ್ಟರಾಗಿ ಮೂವತ್ತೊಂದು ವರ್ಷ ಆ ಒಂದೇ ದಾರಿಯಲ್ಲಿ ಹೋಗಿ ಬಂದ ಈರಪ್ಪನಿಗೆ, ಲೋಕದ ಯಾವ ದೂರವನ್ನು ಹೇಳಿದರೂ ಅದನ್ನು ಕುಮಟಾ–ಭಟ್ಕಳದ ಲೆಕ್ಕಕ್ಕೆ ಇಳಿಸಿಕೊಳ್ಳದೆ ಸಮಾಧಾನವಿರುತ್ತಿರಲಿಲ್ಲ. ಮಂಗಳೂರಿನಿಂದ ದುಬೈಗೆ ನಲವತ್ತೆರಡು ಕುಮಟಾ–ಭಟ್ಕಳ. ಗೋವಾದಿಂದ ದೋಹಾಕ್ಕೆ ನಲವತ್ತನಾಲ್ಕು. ಸಿಂಗಾಪುರದಿಂದ ನ್ಯೂಯಾರ್ಕಿಗೆ ನಡುವೆ ಎಲ್ಲೂ ಇಳಿಯದೆ ಹೋಗುವ ವಿಮಾನವೊಂದಿದೆ ಎಂದು ಪೇಪರಿನಲ್ಲಿ ಓದಿದ ದಿನ ಅವನು ಅರ್ಧ ಊಟಕ್ಕೆ ಎದ್ದು ಲೆಕ್ಕ ಹಾಕಿದ. ಇನ್ನೂರ ಅರವತ್ತನಾಲ್ಕು ಬಂತು.

"ನಾನು ಎರಡು ತಿಂಗ್ಳು ಡ್ಯೂಟಿ ಮಾಡೂದನ್ನ ಅದು ಒಂದು ದಿವ್ಸದೊಳಗೆ ಮುಗಿಸ್ತದೆ ಮಾರಾಯ! ಅದೂ ಚಿಲ್ಲರೆ ಜಗಳ ಇಲ್ದೆ!"

ವಿಮಾನ ಒಂದು ಕುಮಟಾ–ಭಟ್ಕಳವನ್ನು ನಾಲ್ಕೂವರೆ ನಿಮಿಷದಲ್ಲಿ ಮುಗಿಸುತ್ತದೆ ಎಂಬುದು ಅವನು ಕಂಡುಕೊಂಡ ಸರಾಸರಿ. ಇದನ್ನು ಹೇಳುವಾಗ ಪ್ರತಿಸಲವೂ ಅವನಿಗೆ ಮೊದಲ ಸಲದಷ್ಟೇ ಉಮೇದು. "ಕುಮಟಾ ಸ್ಟ್ಯಾಂಡಲ್ಲಿ ಮೊದಲ ಸೀಟಿನವ ಐನೂರರ ನೋಟು ಕೊಡ್ತ. ನಾನು ಚಿಲ್ಲರೆ ಇಲ್ಲ ಅಂತೆ. ಅವ ಸಿಟ್ಟು ಮಾಡೂಕೆ ಬಾಯಿ ತೆರೀತ. ಅಷ್ಟೊತ್ತಿಗೆ ಭಟ್ಕಳ! ಇಳಿ ಕೆಳಗೆ!"

ಈರಪ್ಪ ಕಳೆದ ಶ್ರಾವಣದಲ್ಲಿ ತೀರಿಕೊಂಡ. ಅರವತ್ತಾರು ವರ್ಷವಾಗಿತ್ತು. ಎದೆನೋವೆಂದು ಮಣಿಪಾಲಕ್ಕೆ ಕರೆದೊಯ್ಯುತ್ತಿದ್ದ ಆಂಬುಲೆನ್ಸು ಶಿರಾಲಿ ದಾಟಿತ್ತು, ಭಟ್ಕಳ ಮುಟ್ಟಿರಲಿಲ್ಲ. ಒಮ್ಮೆಯೂ ವಿಮಾನ ಹತ್ತದೆ ಹೋದ. ಹೊನ್ನಾವರದ ಪಕ್ಕದ ಕಾಸರಕೋಡಿನ ಅವನ ಮನೆಗೆ ಬಂದವರೆಲ್ಲ ಅಳುತ್ತ ಕೂತಿದ್ದಾಗ ಯಾರೋ ಒಬ್ಬರು "ಆ ಕಸದ ದಿವ್ಸ..." ಎಂದದ್ದೇ ತಡ, ಹೆಂಗಸರು ಕಣ್ಣೊರೆಸಿಕೊಂಡ ಸೆರಗಿನಿಂದಲೇ ಬಾಯಿ ಮುಚ್ಚಿಕೊಂಡು ನಕ್ಕರು. ಸಾವಿನ ಮನೆಯಲ್ಲಿ ಹಾಗೆ ನಗಬಾರದು. ಆದರೆ ಆ ದಿನವನ್ನು ನೆನೆದು ನಗದಿರಲು ಆಗುವುದೂ ಇಲ್ಲ.

ಆ ಸೀಮೆಯಲ್ಲಿ ಮನೆಯವರು ದೂರದ ಪ್ರಯಾಣಕ್ಕೆ ಹೊರಟರೆ ಅವರು ಹೋದ ಜಾಗ ಮುಟ್ಟುವ ತನಕ ಮನೆಯ ಕಸ ಗುಡಿಸುವುದಿಲ್ಲ. ಹೋದವರ ಹೆಜ್ಜೆಯನ್ನು ಗುಡಿಸಿ ಹಾಕಿದಂತೆ ಆಗುತ್ತದೆ, ಅವರು ತಿರುಗಿ ಬರುವುದಿಲ್ಲ ಎಂಬ ಭಯ. ಪ್ರಯಾಣವೆಂದರೆ ಹುಬ್ಬಳ್ಳಿಯೋ ಕಾರವಾರವೋ ಆಗಿದ್ದ ಕಾಲಕ್ಕೆ ಇದೇನು ದೊಡ್ಡ ವಿಷಯವಲ್ಲ. ಮಕ್ಕಳು ದುಬೈ, ಮಸ್ಕತ್ತು ಎಂದು ಹೋಗತೊಡಗಿದ ಮೇಲೆ ತಾಯಂದಿರಿಗೆ ಪೇಚಾಟವಾಯಿತು. ವಿಮಾನ ಇಳಿಯುವುದು ಯಾವಾಗ, ಗುಡಿಸಲು ಹಿಡಿಸೂಡಿ ಎತ್ತುವುದು ಯಾವಾಗ? ಈರಪ್ಪನ ಬಸ್ಸಿನಲ್ಲಿ, ಕೊಲ್ಲಿಯಲ್ಲಿ ದುಡಿಯುವ ಭಟ್ಕಳದ ನವಾಯತ ಗಂಡಸರು ಸೂಟ್‌ಕೇಸು ಹೊತ್ತು ಹತ್ತಿಳಿಯುತ್ತಿದ್ದರು. ಅವರನ್ನು ಕೇಳಿ ಕೇಳಿ ಅವನು ಕೊಲ್ಲಿಯ ವಿಮಾನಗಳ ವೇಳೆಯನ್ನೆಲ್ಲ ಬಾಯಿಪಾಠ ಮಾಡಿದ, ಒಂದು ಪುಸ್ತಕದಲ್ಲೂ ಬರೆದಿಟ್ಟ. ಟಿಕೆಟ್ಟಿನಲ್ಲಿ ಬರೆದ ಸಮಯಕ್ಕೆ ದುಬೈಯಾದರೆ ಒಂದೂವರೆ ತಾಸು, ದೋಹಾ ಆದರೆ ಎರಡೂವರೆ ತಾಸು ಕೂಡಿಸಿದರೆ ನಮ್ಮ ಗಡಿಯಾರ. ನಿವೃತ್ತನಾದ ಮೇಲೂ ಮಂಕಿಯಿಂದ, ಹೆಬಳೆಯಿಂದ ಫೋನು ಬರುತ್ತಿತ್ತು: "ಈರಪ್ಪಣ್ಣ, ಗುಡಿಸ್ಲಾ?" ಅವನು ಪುಸ್ತಕ ನೋಡಿ ಅಪ್ಪಣೆ ಕೊಡುತ್ತಿದ್ದ. ಹೀಗೆ ಹತ್ತೊಂಬತ್ತು ವರ್ಷ ಒಂದು ಮನೆಗೂ ತಪ್ಪು ಹೇಳಿರಲಿಲ್ಲ.

ತಪ್ಪಿದ್ದು ಸ್ವಂತ ತಂಗಿಯ ಮನೆಗೆ.

ತಂಗಿ ಗಂಗಿಯದು ಪಕ್ಕದ ಮನೆ. ಗಂಡ ಇಲ್ಲ. ಮಗ ಉದಯ ಸರಕು ಹಡಗಿನಲ್ಲಿ ಅಡುಗೆಯವನು. ಮಗಳು ಧನ್ಯಶ್ರೀ ಹೊನ್ನಾವರದ ಝೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಕುಮಟಾದಿಂದ ಅವಳಿಗೊಂದು ಸಂಬಂಧ ಕೂಡಿ ಬಂದಿತ್ತು. ಹುಡುಗ ಪ್ರಕಾಶ, ಕರೆಂಟಿನ ಲೈನ್‌ಮನ್. ಭಾನುವಾರ ನಾಲ್ಕು ಗಂಟೆಗೆ ಹೆಣ್ಣು ನೋಡಲು ಬರುತ್ತೇವೆಂದು ಹುಡುಗನ ತಾಯಿ ದುರ್ಗಮ್ಮ ಹೇಳಿ ಕಳಿಸಿದ್ದಳು. ದುರ್ಗಮ್ಮನ ಮನೆಯ ಅಂಗಳದಲ್ಲಿ ಅನ್ನ ಚೆಲ್ಲಿದರೂ ಆರಿಸಿ ಉಣ್ಣಬಹುದು, ಅಷ್ಟು ಚೊಕ್ಕಟ ಎಂದು ಕುಮಟಾದಲ್ಲೆಲ್ಲ ಹೆಸರು. ಅಷ್ಟರಲ್ಲಿ ಗುರುವಾರ ಉದಯನಿಗೆ ಕಂಪನಿಯ ಕರೆ ಬಂತು. ಅವನ ಹಡಗು ಬ್ರೆಜಿಲ್ ದೇಶದ ಬಂದರಿನಲ್ಲಿ ಸಕ್ಕರೆ ತುಂಬಿಕೊಳ್ಳುತ್ತಿತ್ತು, ಅಲ್ಲಿಗೇ ಹೋಗಿ ಹತ್ತಬೇಕು. ಶನಿವಾರ ಗೋವಾದಿಂದ ದೋಹಾ, ದೋಹಾದಿಂದ ಸಾವೊ ಪಾಲೊ.

ಶನಿವಾರ ಮಧ್ಯಾಹ್ನ ನೆಂಟರು, ಕೇರಿಯವರು ಸೇರಿ ಉಂಡು ಉದಯನನ್ನು ಕಾರು ಹತ್ತಿಸಿದರು. ಆಮೇಲೆ ಮನೆ ಹೇಗಿತ್ತೆಂದರೆ, ನಡುಮನೆಯಲ್ಲಿ ಅವಲಕ್ಕಿ, ಅಡಿಕೆ ಸಿಪ್ಪೆ, ಬಾಳೆಎಲೆಯ ಚೂರು, ಉದಯನಿಗೆ ಹಾಕಿದ ಹಾರದ ಚೆಂಡುಹೂವಿನ ಎಸಳು, ಮಕ್ಕಳು ಒಡೆದ ಬಲೂನು. ಗಂಗಿ ಒಂದನ್ನೂ ಮುಟ್ಟಲಿಲ್ಲ. ಕಸ ದಾಟಿಕೊಂಡೇ ರಾತ್ರಿ ಕಳೆದಳು. ಭಾನುವಾರ ಬೆಳಗ್ಗೆ ಅಣ್ಣನ ಬಾಗಿಲಿಗೆ ಬಂದಳು.

"ಅಣ್ಣಾ, ನಾಲ್ಕು ಗಂಟೆಗೆ ಅವ್ರು ಬತ್ರು. ಉದಯ ಮುಟ್ಟೂದು ಯಾವಾಗೆ? ಸರಿಯಾಗಿ ನೋಡಿ ಹೇಳು."

ಕೊಲ್ಲಿಯಿಂದ ಮುಂದಕ್ಕೆ ಹೋಗುವ ವಿಮಾನ ಈರಪ್ಪನ ಕೈಗೆ ಸಿಕ್ಕಿದ್ದು ಇದೇ ಮೊದಲು. ಅವನು ಕನ್ನಡಕ ಏರಿಸಿ ಟಿಕೆಟ್ಟಿನ ಪ್ರತಿ ನೋಡಿದ. ದೋಹಾ ಬಿಡುವುದು ರಾತ್ರಿ ಒಂದು ಗಂಟೆ, ಸಾವೊ ಪಾಲೊ ಮುಟ್ಟುವುದು ಬೆಳಗ್ಗೆ ಒಂಬತ್ತೂ ಮುಕ್ಕಾಲು. ಟಿಕೆಟ್ಟು ದೋಹಾದ್ದು, ಆದ್ದರಿಂದ ದೋಹಾದ ಎರಡೂವರೆ ತಾಸು. ದಾರಿಯುದ್ದಕ್ಕೂ ಒಂದೇ ಗಡಿಯಾರ ನೋಡಿ ಬದುಕಿದ ಕಂಡಕ್ಟರನಿಗೆ, ಬಸ್ಸು ಹೊರಟ ಊರಿನ ಗಡಿಯಾರವೇ ಮುಟ್ಟುವ ಊರಿನಲ್ಲೂ ಇರುವುದಿಲ್ಲ ಎಂದು ಹೊಳೆಯಲೇ ಇಲ್ಲ.

"ಹನ್ನೆರಡೂ ಕಾಲಿಗೆ ಇಳೀತ. ಐದು ನಿಮಿಷ ತಡೆದು ಗುಡಿಸು, ಆತು."

ಗಂಗಿ ಹನ್ನೆರಡೂ ಇಪ್ಪತ್ತಕ್ಕೆ ಸೆರಗು ಸಿಕ್ಕಿಸಿ ನಿಂತಳು. ಅರ್ಧ ತಾಸಿನಲ್ಲಿ ಮನೆ ಕನ್ನಡಿಯಂತಾಯಿತು. ಕಸವನ್ನು ಹೆಡಗೆಯಲ್ಲಿ ತುಂಬಿ ತೆಂಗಿನ ಬುಡಕ್ಕೆ ಸುರಿದಳು. ಅಣ್ಣನಿಗೆ ಬಂಗಡೆ ಸಾರು ಬಡಿಸಿದಳು. ಈರಪ್ಪ ಉಣ್ಣುತ್ತ, ಎಡಗೈಯಲ್ಲಿ ಪುಸ್ತಕ ಹಿಡಿದು, ಹಬ್ಬದೂಟಕ್ಕೆ ಪಾಯಸ ಉಳಿಸಿಕೊಂಡವನ ಹಾಗೆ ತನ್ನ ಇಷ್ಟದ ಲೆಕ್ಕಕ್ಕೆ ಇಳಿದ.

"ದೋಹಾದಿಂದ ಸಾವೊ ಪಾಲೊಕ್ಕೆ ಸುಮಾರು ಹನ್ನೊಂದು ಸಾವಿರದ ಎಂಟುನೂರು ಕಿಲೋಮೀಟರು. ಅಂದ್ರೆ ಇನ್ನೂರ ಮೂರು ಕುಮಟಾ–ಭಟ್ಕಳ! ಕೇಳ್ದ್ಯನೇ ಗಂಗಿ? ನನ್ನ ಐವತ್ತು ದಿವ್ಸದ ಡ್ಯೂಟಿ! ಅದನ್ನ ಉದಯ ಎಂಟೂ ಮುಕ್ಕಾಲು ತಾಸಲ್ಲಿ... ಅಂದ್ರೆ ಒಂದಕ್ಕೆ... ಎರಡೂವರೆ ನಿಮಿಷ. ಎರಡೂವರೆ! ಎಂಥಾ ವಿಮಾನ ಮಾರಾಯ್ತಿ ಅದು, ದುಬೈ ವಿಮಾನಕ್ಕೆ ನಾಲ್ಕೂವರೆ ಬೇಕು, ಇದಕ್ಕೆ ಬರೀ..."

ತುತ್ತು ಹಿಡಿದ ಕೈ ಅಲ್ಲೇ ನಿಂತಿತು. ಯಾವ ವಿಮಾನವೂ ಹಾಗೆ ಹಾರುವುದಿಲ್ಲವೆಂದು ಈ ಭೂಮಿಯ ಮೇಲೆ ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ನಾಲ್ಕೂವರೆಯನ್ನು ಇನ್ನೂರ ಮೂರರಿಂದ ಗುಣಿಸಿದ. ಹದಿನೈದು ತಾಸು. ಮತ್ತೊಮ್ಮೆ ಗುಣಿಸಿದ. ಆಗಲೂ ಹದಿನೈದು.

"ಧನ್ಯಾ," ಎಂದ, ದನಿ ಸಣ್ಣದಾಗಿತ್ತು. "ನಿನ್ನ ಮೊಬೈಲಲ್ಲಿ ವಿಮಾನ ಕಾಣ್ತದಲ, ಸ್ವಲ್ಪ ನೋಡು ಮಗಾ."

ಧನ್ಯಶ್ರೀ ನೋಡಿದಳು. ಪರದೆಯ ತುಂಬ ನೀಲಿ, ನಡುವೆ ಹಳದಿ ಬಣ್ಣದ ಒಂದು ವಿಮಾನ. ಆಫ್ರಿಕಾ ಹಿಂದೆ ಉಳಿದಿತ್ತು, ಬ್ರೆಜಿಲ್ ಇನ್ನೂ ಎಲ್ಲೋ.

"ಮಾವ, ಅಣ್ಣ ಸಮುದ್ರದ ಮೇಲೆ ಇದ್ದ. ಇಳಿಯೂದು ನಮ್ಮ ಆರೂ ಕಾಲಿಗೆ ಅಂತ ಬರ್ದದೆ."

ಗಂಗಿ ಸಾರಿನ ಪಾತ್ರೆಯನ್ನು ಕೆಳಗಿಟ್ಟಳು. ಕೂಗಲಿಲ್ಲ. ಕೂಗಿದ್ದರೆ ಈರಪ್ಪನಿಗೆ ವಾಸಿಯಿತ್ತು.

"ನನ್ನ ಮಗ ನೀರಿನ ಮೇಲೆ ಇದ್ದ. ನಾನು ಅವನ ಬೆನ್ನ ಹಿಂದೆ ಮನೆ ಗುಡಿಸಿ ಹಾಕಿದೆ. ನಿನ್ನ ಮಾತು ಕೇಳಿ."

ಈರಪ್ಪ ಕೈ ತೊಳೆಯಲು ಎದ್ದ. ವಿಮಾನಕ್ಕೆ ಏನೂ ಆಗುವುದಿಲ್ಲವೆಂದು ಅವನ ತಲೆಗೆ ಗೊತ್ತಿತ್ತು. ಆದರೆ ಇನ್ನು ಐದು ತಾಸು ತಂಗಿ ಹೇಗೆ ಉಸಿರಾಡುತ್ತಾಳೆ ಎಂಬುದೂ ಗೊತ್ತಿತ್ತು. ಏನಾದರೂ ಒಂದು ಹೆಚ್ಚುಕಮ್ಮಿಯಾದರೆ, ಬರೀ ಹಡಗಿನಲ್ಲಿ ಕಾಲು ಉಳುಕಿದರೂ, ಈ ಹಿಡಿಸೂಡಿ ಇಬ್ಬರ ನಡುವೆ ಸಾಯುವ ತನಕ ಬಿದ್ದಿರುತ್ತದೆ. ಬಚ್ಚಲಿನಿಂದ ಬರುವಷ್ಟರಲ್ಲಿ ಅವನಿಗೊಂದು ದಾರಿ ಹೊಳೆದಿತ್ತು.

"ತಪ್ಪು ಟಿಕೆಟ್ ಹರಿದ್ರೆ ಎಂತ ಮಾಡ್ತೆವು? ವಾಪಸ್ ತಕಂಡು ಕ್ಯಾನ್ಸಲ್ ಮಾಡ್ತೆವು. ಕಸ ವಾಪಸ್ ತರ್ತೆ."

"ಹಾಂ?"

"ಗುಡಿಸಿದ್ದು ಕ್ಯಾನ್ಸಲ್. ಎಲ್ಲ ಎಲ್ಲೆಲ್ಲಿ ಇತ್ತೋ ಅಲ್ಲಲ್ಲೇ."

ಧನ್ಯಶ್ರೀ ನಕ್ಕುಬಿಟ್ಟಳು. ಗಂಗಿ ನಗಲಿಲ್ಲ. ಒಂದು ಗಳಿಗೆ ಯೋಚಿಸಿ, "ಹೂವಿನ ಎಸಳು ಬಾಗಿಲ ಹತ್ರ ಇತ್ತು," ಎಂದಳು.

ಈರಪ್ಪ ತೆಂಗಿನ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಹೆಡಗೆ ತುಂಬಿದ. ಅಷ್ಟರೊಳಗೆ ಕೋಳಿಗಳು ಬಂದು ಅವಲಕ್ಕಿಯನ್ನು ಮುಗಿಸಿದ್ದವು. ಒಳಗೆ ಬಂದು ಸುರಿದರೆ ಗಂಗಿ ಸರ್ವೆಗೆ ನಿಂತವಳಂತೆ ಒಂದೊಂದನ್ನೂ ನೋಡಿದಳು.

"ಈ ತೆಂಗಿನ ಸೋಗೆ ಚೂರು ನಮ್ಮದಲ್ಲ. ಹೊರಗೆ ಹಾಕು. ಬಲೂನು ಇನ್ನೊಂದಿತ್ತು, ಕೆಂಪಿದು."

"ಕೆಂಪು ಸಿಕ್ಕಿಲ್ಲ ಮಾರಾಯ್ತಿ."

"ಹುಡುಕು. ಅವಲಕ್ಕಿ ಎಲ್ಲಿ?"

"ಕೋಳಿ ತಿಂತು. ಕೋಳಿನೇ ತಂದು ನಡುಮನೇಲಿ ಬಿಡ್ಲಾ?"

ಕೊನೆಗೆ ಡಬ್ಬದಿಂದ ಹೊಸ ಅವಲಕ್ಕಿ ಒಂದು ಮುಷ್ಟಿ ತೆಗೆದು ಚೆಲ್ಲಿದರು. ಧನ್ಯಶ್ರೀ ಹಿಂದಿನ ದಿನ ಮೊಬೈಲಿನಲ್ಲಿ ತೆಗೆದ ಫೋಟೊ ನೋಡಿ, "ಮಾವ, ಅಡಿಕೆ ಸಿಪ್ಪೆ ಇನ್ನೂ ಎಡಕ್ಕೆ," ಎಂದು ನಿರ್ದೇಶಿಸುತ್ತಿದ್ದಳು. ನೋಡಿದರೆ ರೇಷ್ಮೆ ಸೀರೆ ಉಟ್ಟು ತಯಾರಾಗಬೇಕಾದವಳು. ಮೂರು ಗಂಟೆಗೆ ಮನೆ ಮತ್ತೆ ಶನಿವಾರದ ಮನೆಯಾಯಿತು. ಆಗ ಮೂವರಿಗೂ ಒಟ್ಟಿಗೇ ದುರ್ಗಮ್ಮನ ನೆನಪಾಯಿತು.

ಕುಮಟಾದವರು ಬರುವ ಬಸ್ಸನ್ನು ಓಡಿಸುತ್ತಿದ್ದವನು ವಿಶ್ವನಾಥ. ಹದಿನಾಲ್ಕು ವರ್ಷ ಈರಪ್ಪನ ಜೊತೆ ಡ್ಯೂಟಿ ಮಾಡಿದ ಡ್ರೈವರು. ಈರಪ್ಪ ಅವನಿಗೆ ಫೋನು ಹಚ್ಚಿದ. ಒಂದೆರಡು ತಾಸು ತಡ ಮಾಡು ಎನ್ನಬೇಕಿತ್ತು. ವಿಶ್ವನಾಥ ಸ್ಟ್ಯಾಂಡಿನಲ್ಲೇ ಇದ್ದ.

"ಎಂತ ಈರಪ್ಪಣ್ಣ?"

ಮೂವತ್ತೊಂದು ವರ್ಷದಲ್ಲಿ ಈರಪ್ಪ ಒಂದು ಬಸ್ಸನ್ನೂ ಬೇಕೆಂದು ತಡಮಾಡಿದವನಲ್ಲ. ನಾಲಿಗೆ ಹೊರಳಲಿಲ್ಲ. "ಎಂತ ಇಲ್ಲ. ಟೈಮ್ ಸರಿ ಇದ್ಯಾ ಕೇಳ್ವ ಅಂತ."

"ಎರಡು ನಿಮಿಷ ಬೇಗ ಇದ್ದೆ!" ಎಂದ ವಿಶ್ವನಾಥ ಹೆಮ್ಮೆಯಿಂದ.

ನಾಲ್ಕಕ್ಕೆ ಸರಿಯಾಗಿ ರಿಕ್ಷಾ ಬಂದು ನಿಂತಿತು. ಮುಂದೆ ದುರ್ಗಮ್ಮ, ಹಿಂದೆ ಗಂಡ ಬೀರಪ್ಪ, ಅವರ ಹಿಂದೆ ಇಸ್ತ್ರಿ ಅಂಗಿಯ ಪ್ರಕಾಶ. ದುರ್ಗಮ್ಮ ಹೊಸ್ತಿಲು ದಾಟಿ ಕಾಲಿಟ್ಟಳು. ಅವಲಕ್ಕಿ ಚರಕ್ ಎಂದಿತು. ಅವಳು ಕಾಲೆತ್ತಿ ನೋಡಿದಳು. ಆಮೇಲೆ ಗೋಡೆಯಿಂದ ಗೋಡೆಗೆ ನೋಡಿದಳು. ಒಳಗಿನ ಕೋಣೆಯಲ್ಲಿ ಧನ್ಯಶ್ರೀಯ ಬಳೆಯ ಸದ್ದೂ ನಿಂತಿತು.

ಈರಪ್ಪ ಕೈಮುಗಿದು ಮುಂದೆ ಬಂದ. ಸುಳ್ಳು ಹೇಳಲು ಅವನಲ್ಲಿ ನಾಲ್ಕೈದು ನೆಪಗಳು ತಯಾರಿದ್ದವು. ಅವಳ ಕಣ್ಣು ಕಂಡು ಒಂದೂ ನೆನಪಾಗಲಿಲ್ಲ.

"ತಪ್ಪು ನಂದು ಅಮ್ಮಾ. ಅಳಿಯ ವಿಮಾನದಲ್ಲಿದ್ದ. ಮುಟ್ಟಿದ ಅಂತ ಹೇಳಿ ಗುಡಿಸ್ಸಿದೆ. ಮುಟ್ಟಿರ್ಲಿಲ್ಲ. ಅದಕ್ಕೆ ಕಸ ವಾಪಸ್ ತಂದು ಹಾಕಿದ್ದೆ."

"ವಾಪಸ್ ತಂದು?"

"ತಂದು. ಕೆಂಪು ಬಲೂನೊಂದು ಸಿಕ್ಕಿಲ್ಲ."

ಬೀರಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದವನು ಪಾದಕ್ಕೆ ಹತ್ತಿದ ಚೆಂಡುಹೂವಿನ ಎಸಳನ್ನು ಹೊರಗೆ ಕೊಡವಲು ಕಾಲೆತ್ತಿದ.

"ಏಯ್!" ಎಂದು ದುರ್ಗಮ್ಮ ಕೂಗಿದ ರಭಸಕ್ಕೆ ಅವನು ಒಂಟಿಕಾಲಿನಲ್ಲೇ ನಿಂತ. "ಕಾಲು ಕೊಡವ್ಬೇಡಿ! ಹುಡುಗ ಇನ್ನೂ ಮುಟ್ಟಿಲ್ಲ ಅಂದ್ರೆ ಕೇಳೂದಿಲ್ಲ? ಎಸಳು ಅಲ್ಲೇ ಇಡಿ." ಆಮೇಲೆ ಗಂಗಿಯ ಕಡೆ ತಿರುಗಿದಳು. "ಎಲ್ಲಿ ಮುಟ್ಟಿದ ಈಗ?"

ಈರಪ್ಪ ಪುಸ್ತಕ ಬಿಡಿಸಿದ. "ಇನ್ನು ಮೂವತ್ತೊಂದು ಕುಮಟಾ–ಭಟ್ಕಳ ಅದೆ."

ಇದರ ಅರ್ಥ ಬಿಡಿಸಿ ಹೇಳಿದ ಮೇಲೆ ಕುಮಟಾದವರಿಗೆ ಹುರುಪೇ ಬಂತು. ನಾಲ್ಕೂವರೆ ನಿಮಿಷಕ್ಕೆ ನಮ್ಮೂರಿಂದ ಭಟ್ಕಳವೇ ಎಂದು ಬೀರಪ್ಪ ಮೂರು ಸಲ ಕೇಳಿದ. ಎಲ್ಲರೂ ಕುರ್ಚಿಯ ಮೇಲೆ ಕಾಲು ಮಡಚಿ ಕೂತರು, ಕಸ ಕದಲಬಾರದಲ್ಲ. ಧನ್ಯಶ್ರೀ ಚಹದ ತಟ್ಟೆ ಹಿಡಿದು, ಅಡಿಕೆ ಸಿಪ್ಪೆ ತಪ್ಪಿಸುತ್ತ, ಹೊಳೆ ದಾಟುವವಳಂತೆ ಹೆಜ್ಜೆ ಹಾಕಿ ಬಂದಳು. ಹುಡುಗಿಯನ್ನು ಏನು ಕೇಳಬೇಕೆಂದು ದುರ್ಗಮ್ಮ ಬರೆದುಕೊಂಡು ಬಂದಿದ್ದಳೋ ಏನೋ, ಕೇಳಿದ್ದು ಒಂದೇ: "ಮೊಬೈಲಲ್ಲಿ ನೋಡು, ಈಗ ಎಲ್ಲಿ?" ಮನೆಯೊಳಗೆ ಸಿಗ್ನಲ್ ಸಾಲದು. ಧನ್ಯಶ್ರೀ ಅಂಗಳಕ್ಕೆ ಹೋದಳು. ಕಂಬ ಹತ್ತುವ ಪ್ರಕಾಶನಿಗೆ ಸಿಗ್ನಲ್ ಎಲ್ಲಿ ಸಿಗುತ್ತದೆಂದು ಗೊತ್ತಿರುತ್ತದೆ ಎಂದು ದುರ್ಗಮ್ಮನೇ ಅವನನ್ನೂ ಅಟ್ಟಿದಳು. ಇಬ್ಬರೂ ಬಾವಿಕಟ್ಟೆಯ ಹತ್ತಿರ ಒಂದೇ ಮೊಬೈಲಿಗೆ ಬಗ್ಗಿ ನಿಂತು ಹೊರಗಿನಿಂದ ಲೆಕ್ಕ ಕೂಗುತ್ತಿದ್ದರು. "ಇಪ್ಪತ್ತು!" "ಹದಿನಾಲ್ಕು!" ನಡುವೆ ಕೆಲವು ಸಂಖ್ಯೆ ಬರಲೇ ಇಲ್ಲ. ಒಳಗೆ ಯಾರೂ ಒತ್ತಾಯಿಸಲಿಲ್ಲ.

ಆರು ಗಂಟೆಗೆ ದುರ್ಗಮ್ಮ ಕಿಟಕಿಯಾಚೆ ನೋಡಿದಳು. "ಗಂಗಕ್ಕ, ದೀಪ ಹಚ್ಚಿದ ಮೇಲೆ ಗುಡಿಸೂಕಾಗ. ಲಕ್ಷ್ಮಿ ಹೊರಗೆ ಹೋತದೆ."

ಇದು ಯಾರಿಗೂ ಹೊಳೆದಿರಲಿಲ್ಲ. ಸೂರ್ಯ ಮುಳುಗಲು ಮುಕ್ಕಾಲು ತಾಸಿತ್ತು. ಅಷ್ಟರೊಳಗೆ ಉದಯ ಮುಟ್ಟಬೇಕು, ಮನೆ ಗುಡಿಸಬೇಕು. ಇಲ್ಲದಿದ್ದರೆ ಕಸದ ನಡುವೆಯೇ ದೀಪ, ಕಸದ ನಡುವೆಯೇ ಮದುವೆಯ ಮಾತು. ಅಂಥ ಮಾತಿಗೆ ಏಳಿಗೆಯಿಲ್ಲವೆಂದು ಅಲ್ಲಿದ್ದ ಹೆಂಗಸರಿಬ್ಬರಿಗೂ ಖಚಿತ.

"ಕೊನೇದು!" ಎಂದು ಪ್ರಕಾಶ ಕೂಗಿದ. ಈರಪ್ಪನಿಗೆ ತಡೆಯಲಾಗಲಿಲ್ಲ. ಎದ್ದು ಬಾಗಿಲ ಚೌಕಟ್ಟು ಹಿಡಿದು ನಿಂತ, ಥೇಟ್ ಬಸ್ಸಿನ ಬಾಗಿಲು. "ಹೊನ್ನಾವರ, ಹೊನ್ನಾವರ! ಮಂಕಿ ಯಾರು? ಮುರ್ಡೇಶ್ವರ ಮುಂದೆ ಬನ್ನಿ! ಶಿರಾಲಿ!" ಬೀರಪ್ಪ ಕುರ್ಚಿಯ ಮೇಲೆ ಕೂತಲ್ಲೇ ತೂರಾಡುತ್ತ, "ಇಳಿಯೂದದೆ, ಇಳಿಯೂದದೆ!" ಎಂದ. ಗಂಗಿ ಕೂಡ ನಕ್ಕಳು. ಬೆಳಗಿನಿಂದ ಅದೇ ಮೊದಲು.

"ಇಳೀತು!" ಎಂದು ಅಂಗಳದಿಂದ ಎರಡು ದನಿ ಒಟ್ಟಿಗೆ ಬಂತು.

ಗಂಗಿ ಹಿಡಿಸೂಡಿ ಎತ್ತಿಕೊಂಡಳು. ಎತ್ತಿಕೊಂಡು ಅಣ್ಣನನ್ನು ನೋಡಿದಳು.

"ಅಣ್ಣಾ, ಗುಡಿಸ್ಲಾ?"

ಈರಪ್ಪನ ನಗು ಇಳಿದು ಹೋಯಿತು. ಅವಳು ಮೊಬೈಲನ್ನು ಕೇಳಲಿಲ್ಲ, ಬೀಗಿತ್ತಿಯನ್ನು ಕೇಳಲಿಲ್ಲ, ಒಮ್ಮೆ ತಪ್ಪಿದವನನ್ನೇ ಮತ್ತೆ ಕೇಳುತ್ತಿದ್ದಳು.

"ತಡಿ," ಎಂದ. "ಬಸ್ಸು ಸ್ಟ್ಯಾಂಡಿಗೆ ಬಂದ ಕೂಡ್ಲೆ ಜನ ಇಳಿದ ಹಾಂಗಲ್ಲ. ಅವನ ದನಿ ಕೇಳ್ಲಿ."

"ಈರಪ್ಪಣ್ಣ, ಹೊತ್ತು ಕಂತ್ತದೆ!" ಎಂದಳು ದುರ್ಗಮ್ಮ.

"ಕಂತ್ಲಿ."

ಆರೂ ಇಪ್ಪತ್ತೈದು. ಆರೂವರೆ. ಉದಯನ ಫೋನು ಹತ್ತಲಿಲ್ಲ. ಬೆಳಕು ಹಳದಿಯಿಂದ ಕೆಂಪಿಗೆ ತಿರುಗಿತು. ಅಕ್ಕಪಕ್ಕದ ಮನೆಯಲ್ಲಿ ದೀಪದ ಎಣ್ಣೆಯ ವಾಸನೆ. ಬೀರಪ್ಪ, ದುರ್ಗಮ್ಮ, ಪ್ರಕಾಶ ಎಲ್ಲರೂ ಒಂದೇ ಸಮ, ಗುಡಿಸಿ ಗುಡಿಸಿ ಎನ್ನುತ್ತಿದ್ದರು. ಈರಪ್ಪ ತಲೆ ಅಲ್ಲಾಡಿಸಿದ. ಗಂಗಿ ಹಿಡಿಸೂಡಿ ಹಿಡಿದು ನಿಂತೇ ಇದ್ದಳು.

ಆರೂ ಮೂವತ್ತೆಂಟಕ್ಕೆ ಧನ್ಯಶ್ರೀಯ ಮೊಬೈಲು ಹಾಡಿತು. ಪರದೆಯಲ್ಲಿ ಉದಯ, ಕೆದರಿದ ತಲೆ, ಹಿಂದೆ ಯಾವುದೋ ಭಾಷೆಯ ಫಲಕ. "ಅಮ್ಮಾ, ಮುಟ್ಟಿದೆ," ಎಂದ. ಈ ಕಡೆಯಿಂದ ಆರು ಜನ ಒಟ್ಟಿಗೇ ಕಿರುಚಿದ್ದಕ್ಕೆ ಬೆದರಿ, "ಯಾರಿಗೆ ಎಂತಾ ಆತು?" ಎಂದು ಅವನೂ ಕಿರುಚಿದ.

ಈರಪ್ಪ ಮೊಬೈಲಿಗೆ ಹತ್ತಿರ ಬಗ್ಗಿ ಅಳಿಯನ ಮುಖವನ್ನು ಸಾವಕಾಶ ನೋಡಿದ. ಆಮೇಲೆ ತಂಗಿಯ ಕಡೆ ತಿರುಗಿದ.

"ಗುಡಿಸು ತಂಗಿ."

ಗಂಗಿ ನಡುಮನೆಯ ಮೂಲೆಯಿಂದ ಶುರು ಮಾಡಿದಳು. ದುರ್ಗಮ್ಮ ಅಡುಗೆಮನೆಗೆ ನುಗ್ಗಿ ಇನ್ನೊಂದು ಹಿಡಿಸೂಡಿ ಹೇಗೋ ಹುಡುಕಿ ತಂದು, ಸೆರಗು ಸಿಕ್ಕಿಸಿ, ಬಾಗಿಲ ಕಡೆಯಿಂದ ಬಂದಳು. ಬೀರಪ್ಪ ಕುರ್ಚಿಗಳನ್ನು ತಲೆಯ ಮೇಲೆತ್ತಿದ. ಪ್ರಕಾಶ ಮಂಚದಡಿ ತೂರಿ ಕೆಂಪು ಬಲೂನು ಹಿಡಿದು ಹೊರಬಂದ. ಧೂಳು ಸಂಜೆಯ ಬೆಳಕಿನಲ್ಲಿ ಬಂಗಾರದ ಹಾಗೆ ಎದ್ದು ಎಲ್ಲರೂ ಸೀನುತ್ತಿದ್ದರು. ಧನ್ಯಶ್ರೀ ಮೊಬೈಲನ್ನು ಎತ್ತಿ ಹಿಡಿದಿದ್ದಳು. ಉದಯ ಭೂಮಿಯ ಆಚೆ ಬದಿಯಿಂದ ಕಣ್ಣರಳಿಸಿ ನೋಡುತ್ತಿದ್ದ.

"ಧನ್ಯಾ, ನಮ್ಮನೆ ಗುಡಿಸ್ತಾ ಇದ್ದದ್ದು ಯಾರೇ ಅದು?"

ಉತ್ತರ ಬಂದದ್ದು ಧೂಳಿನ ಒಳಗಿನಿಂದ, ಹಿಡಿಸೂಡಿಯ ಸದ್ದು ನಿಲ್ಲದೆಯೇ:

"ನಿನ್ನ ತಂಗಿಯ ಅತ್ತೆ!"

ಈರಪ್ಪ ತುಂಬಿದ ಹೆಡಗೆಯನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದ. ಅವನು ಓಡಿದ್ದನ್ನು ಅದುವರೆಗೆ ಕಾಸರಕೋಡಿನಲ್ಲಿ ಯಾರೂ ಕಂಡಿರಲಿಲ್ಲ. ಅವನು ಕೈ ತೊಳೆದು ಬರುವಷ್ಟರಲ್ಲಿ ಗಂಗಿ ದೀಪ ಹಚ್ಚಿದ್ದಳು.